ಹಲ್ಲಿನ ಸೆಟ್ಟಿನ ವಾರಸುದಾರರು

ನನ್ನ ಅಕ್ಕನಿಗೆ ಐವತ್ತೊಂದು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷದ ಕೆಲಸ. ವಾರ್ಡುಗಳಿಂದ ಬಂದ ಚಾದರಗಳನ್ನು ಮೆಷಿನ್ನಿಗೆ ಹಾಕುವ ಮುನ್ನ ಕೊಡವಿ ನೋಡುವುದು ಅವಳ ಪಾಲು. ಕೊಡವಿದರೆ ಕನ್ನಡಕ, ಉಂಗುರ, ಹಲ್ಲಿನ ಸೆಟ್ಟು, ಏನು ಬೇಕಾದರೂ ಉದುರುತ್ತದೆ.

ಈಚೆಗೆ ಅವಳಿಗೆ ಸೂಪರ್‌ವೈಸರ್ ಹುದ್ದೆ ಹುಡುಕಿಕೊಂಡು ಬಂತು. ಹದಿನೈದು ದಿನದೊಳಗೆ ಉತ್ತರ ಹೇಳಬೇಕು. ಮನೆಯಲ್ಲಿ ನಾವೆಲ್ಲ ಅವಳ ಪರವಾಗಿ ಆಗಲೇ ಒಪ್ಪಿಬಿಟ್ಟಿದ್ದೆವು. ಅವಳೊಬ್ಬಳೇ ಇನ್ನೂ ಒಪ್ಪಿರಲಿಲ್ಲ. ನೆಟ್ಟಗೆ ಆಸ್ಪತ್ರೆಯ ಮನಶ್ಶಾಸ್ತ್ರದ ಮೇಡಂ ಹತ್ತಿರ ಹೋದಳು.

"ಅಕ್ಕ, ತಲೆಗಿಲೆ ಕೆಟ್ಟಿದ್ಯೇನೇ?" ಎಂದೆ.

"ಕೆಟ್ಟಿದ್ರೆ ನಿನ್ ಹತ್ರಾನೇ ಬರ್ತಿದ್ದೆ ಕಣೋ. ನೀನು ಅನುಭವಸ್ಥ."

ಮೇಡಂ ಉಪದೇಶ ಮಾಡಲಿಲ್ಲವಂತೆ. ಒಂದು ನೋಟ್‌ಬುಕ್ ಕೊಟ್ಟು, "ಗಂಟೆಗೊಮ್ಮೆ ಏನ್ ಮಾಡ್ತಿದೀರ ಅಂತ ಬರೀರಿ. ಮನಸ್ಸು ಅದರಲ್ಲಿ ಎಷ್ಟಿತ್ತು ಅಂತ ಹತ್ತಕ್ಕೆ ಅಂಕ ಹಾಕಿ. ಸುಳ್ಳು ಬೇಡ, ಓದೋದು ನೀವೇ" ಎಂದರಂತೆ.

ನಾನೂ ಗುಟ್ಟಾಗಿ ಶುರುಮಾಡಿದೆ. ಕಚೇರಿಯಲ್ಲಿ ನನ್ನ ಮನಸ್ಸು ಪೂರ್ತಿ ನೆಟ್ಟದ್ದು ಎರಡೇ ಕಡೆ: ನನ್ನ ಊಟದ ಡಬ್ಬಿಯಲ್ಲಿ, ಪಕ್ಕದ ಮೇಜಿನವರ ಊಟದ ಡಬ್ಬಿಯಲ್ಲಿ. ಮೂರನೇ ದಿನ ಪುಸ್ತಕ ಮುಚ್ಚಿಟ್ಟೆ.

ಅಕ್ಕ ಮುಚ್ಚಲಿಲ್ಲ. ಗಡುವಿಗೆ ಮುಂಚಿನ ಕೊನೆಯ ಭಾನುವಾರ ತನ್ನ ಪುಸ್ತಕವನ್ನು ನನ್ನ ಮುಂದೆ ಹರವಿದಳು. ರಜೆ ಹೋದ ಸೂಪರ್‌ವೈಸರ್ ಬದಲಿಗೆ ಹಾಜರಿ ಬರೆದದ್ದಕ್ಕೆ ಒಂದು. ಕೆಳಗಿನವರನ್ನು ಗದರಿದ್ದಕ್ಕೆ ಸೊನ್ನೆ. ಒಂಬತ್ತು, ಹತ್ತು ಬಿದ್ದದ್ದು ಒಂದೇ ಕೆಲಸಕ್ಕೆ: ಚಾದರದಲ್ಲಿ ಸಿಕ್ಕ ವಸ್ತುವಿನ ವಾರಸುದಾರರನ್ನು ಹುಡುಕುವುದಕ್ಕೆ. ಒಂದು ಹಲ್ಲಿನ ಸೆಟ್ಟು ಹಿಡಿದು, ಚಾದರದ ಮೂಲೆಯ ವಾರ್ಡ್ ಗುರುತು ನೋಡಿ, ಊಟದ ಬಿಡುವಿನಲ್ಲಿ ಮೂರು ಮಹಡಿ ಹತ್ತಿ, ನಾಚಿಕೆಯಿಂದ ಮಗಳ ಮುಂದೆಯೂ ಬಾಯಿ ತೆರೆಯದೆ ಮಲಗಿದ್ದ ಮುದುಕಿಯೊಬ್ಬರನ್ನು ಅವಳು ಪತ್ತೆ ಮಾಡಿದ್ದಳು.

"ಹಾಕ್ಕೊಂಡ ಕೂಡ್ಲೇ ಅಜ್ಜಿ ಮೊದ್ಲು ನನ್ನನ್ನೇ ಬೈದ್ರು ಕಣೋ, ಇಷ್ಟು ತಡ ಯಾಕೆ ಅಂತ!"

ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಲವತ್ತೆಂಟು ವರ್ಷದಿಂದ ಅವಳ ತಮ್ಮನಾಗಿರುವ ನನಗೆ ಆ ಮುಖದ ಪರಿಚಯವೇ ಇರಲಿಲ್ಲ.

ಸೋಮವಾರ ಧೈರ್ಯ ತುಂಬಲೆಂದು ಜೊತೆಗೆ ಹೋದೆ. ಬಾಗಿಲು ತಟ್ಟಿದ್ದು ಅವಳೇ.

"ಸೂಪರ್‌ವೈಸರ್ ಬೇಡ ಸರ್," ಎಂದಳು ಅಕ್ಕ, ಮೇಲಧಿಕಾರಿಯ ಮುಂದೆ ನಿಂತು. "ಕಳೆದುಹೋದ ಸಾಮಾನಿನ ಕೆಲಸ ಕೊಡಿ."

"ಅಂಥ ಹುದ್ದೆಯೇ ಇಲ್ವಲ್ಲಮ್ಮ."

"ಹುದ್ದೆ ಇಲ್ಲ ಸರ್, ಕೆಲಸ ಇದೆ. ಇಪ್ಪತ್ತಾರು ವರ್ಷದಿಂದ ಊಟ ಬಿಟ್ಟು ಮಾಡ್ತಿದೀನಿ."

ಅವರು ಎದ್ದು ಗೋಡೆಯ ಕಪಾಟು ತೆರೆದರು. ಐದು ಅರೆಗಳ ತುಂಬ ಕನ್ನಡಕಗಳು, ಒಂಟಿ ಚಪ್ಪಲಿಗಳು, ಊರುಗೋಲುಗಳು, ಗಾಜಿನ ಲೋಟಗಳಲ್ಲಿ ಯಾರದೋ ನಗು.

"ಎಸೆಯೋಕೆ ಮನಸ್ಸು ಬರಲ್ಲ, ಯಾರಿಗೆ ಕೊಡ್ಬೇಕೋ ಗೊತ್ತಿಲ್ಲ. ಆರು ತಿಂಗಳು ನೋಡೋಣ. ಸಂಬಳ ಮಾತ್ರ ಈಗಿರೋದೇ."

"ಆಗ್ಲಿ ಸರ್."

ಮನೆಯವರಿಗೆ ಏನು ಹೇಳುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅಕ್ಕ ಆಗಲೇ ಒಂದು ಊರುಗೋಲನ್ನು ಕೈಗೆತ್ತಿಕೊಂಡು, ಹಿಡಿಯ ಸವೆತದ ಮೇಲೆ ನಿಧಾನವಾಗಿ ಬೆರಳಾಡಿಸುತ್ತಿದ್ದಳು. ಮೇಲಧಿಕಾರಿಯೂ ನಾನೂ ಬಗ್ಗಿ ನೋಡಿದೆವು.

"ಇದನ್ನ ಹಿಡೀತಿದ್ದೋರು ಎಡಚರು," ಎಂದಳು.