ಅಪ್ಪನಿಗೆ ಬಂದ ಟ್ರಂಕ್ ಕಾಲ್

ಆದೋನಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಗೆ. ಆಗ ಊರಿಂದ ಊರಿಗೆ ಮಾತು ಹೋಗುತ್ತಿದ್ದುದು ರಸ್ತೆಬದಿಯ ಕಂಬಗಳ ತಂತಿಯಲ್ಲಿ. ಯಾರಾದರೂ ಟ್ರಂಕ್ ಕಾಲ್ ಕೇಳಿದರೆ ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ ಎರಡು ಊರುಗಳನ್ನು ನಾವೇ ಜೋಡಿಸಬೇಕು. ದೂರ ಹೋದಷ್ಟೂ ದನಿ ಸೊರಗುತ್ತಿತ್ತು. ಮಳೆ ಬಂದರಂತೂ ಕಂಬದ ಮೇಲೆ ತಂತಿ ಹಿಡಿದ ಪಿಂಗಾಣಿ ಬಟ್ಟಲುಗಳು ನೆನೆದು ಮಾತು ದಾರಿಯಲ್ಲೇ ಸೋರಿಹೋಗುತ್ತಿತ್ತು. ನಡುವೆ ಕೂತ ನಮಗೆ ಎರಡೂ ಕಡೆಯವರ ದನಿ ಕೇಳುತ್ತಿತ್ತು, ಅವರಲ್ಲಿ ಒಬ್ಬರದು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಆಗ ಇತ್ತಲಿನ ಮಾತನ್ನು ಅತ್ತ ನಾವೇ ಹೇಳುತ್ತಿದ್ದೆವು. ಎಮ್ಮಿಗನೂರಿನ ಸೀರೆ ಗಂಟು ಹೊರಟಿತೋ ಇಲ್ಲವೋ, ಯಾರದೋ ಮದುವೆಯ ಮುಹೂರ್ತ ಯಾವಾಗ, ಎಲ್ಲ ನನ್ನ ಬಾಯಿಂದ ದಾಟಿ ಹೋಗಿವೆ.

ಅಪ್ಪ ಚಿಪ್ಪಗಿರಿಯಲ್ಲಿ ಅರ್ಚಕರು. ಆ ವರ್ಷ ಅಕ್ಕನನ್ನು ಚೊಚ್ಚಲ ಹೆರಿಗೆಗೆ ಕರ್ನೂಲಿನ ಆಸ್ಪತ್ರೆಗೆ ಸೇರಿಸಿದ್ದರು. ಅಮ್ಮ, ಭಾವ ಅಲ್ಲೇ ಇದ್ದರು. ಚಿಪ್ಪಗಿರಿಯಲ್ಲಿ ಫೋನಿದ್ದದ್ದು ಅಂಚೆ ಕಚೇರಿಯಲ್ಲಿ ಮಾತ್ರ, ಹಾಗಾಗಿ ಅಪ್ಪ ಪೂಜೆ ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತಿದ್ದರು.

ಒಂದು ಮಳೆಯ ಮಧ್ಯಾಹ್ನ ಕರ್ನೂಲಿನಿಂದ ಚಿಪ್ಪಗಿರಿಗೆ ಹೋಗುವ ಕಾಲ್ ನನ್ನ ಬೋರ್ಡಿಗೆ ಬಂತು. ದನಿ ಭಾವನದು.

"ಭಾವಾ, ನಾನ್ರಿ. ಅಕ್ಕ ಹೆಂಗದಾಳ?"

"ಮೊದ್ಲು ಮಾವನವರಿಗೆ ಕೊಡವ್ವ," ಎಂದರು.

ಕೊಟ್ಟೆ. ಅಪ್ಪ "ಹಲೋ, ಹಲೋ" ಎಂದು ಕೂಗುತ್ತಲೇ ಇದ್ದರು. ಭಾವನ ಮಾತು ಅವರನ್ನು ಮುಟ್ಟಲಿಲ್ಲ, ನನ್ನನ್ನು ಮುಟ್ಟಿತು.

"ಹೆಣ್ಣು ಕೂಸು ಹುಟ್ಟೈತಿ ಮಾವಾ. ಕೂಸು ಚೊಲೋ ಐತಿ. ಆಕಿ... ಆಕಿ ಉಳೀಲಿಲ್ಲ."

"ಏನೂ ಕೇಳವಲ್ದಪ್ಪಾ!" ಎಂದು ಅಪ್ಪ ಕೂಗಿದರು. ಆಮೇಲೆ, "ಆಪರೇಟರ್ ಗಾರೂ, ಆತ ಏನಂದ? ನೀವಾರ ಹೇಳ್ರಿ."

ವೈರು ಕಿತ್ತುಬಿಡಲೇ ಅನ್ನಿಸಿತು. ಮಳೆಗೆ ಲೈನು ಹೋಯಿತೆಂದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಇನ್ನೊಂದು ಕಡೆ ಭಾವ ಬಿಕ್ಕುತ್ತಿದ್ದರು.

"ಅಪ್ಪಾ, ನಾನು."

"ನೀನಾ? ಏನಂತಾನವ್ವ ಅಳಿಯ?"

"ಹೆಣ್ಣು ಕೂಸು ಹುಟ್ಟೈತೆಪಾ. ಕೂಸು ಚೊಲೋ ಐತಿ."

"ಹೆಣ್ಣು ಕೂಸಂತ್ರಿ!" ಎಂದು ಅವರು ಅಲ್ಲಿದ್ದವರಿಗೆ ಹೇಳಿ ನಕ್ಕದ್ದು ಕೇಳಿಸಿತು. ಆ ನಗು ಮುಗಿಯುವವರೆಗೆ ನಾನು ಬಾಯಿ ತೆರೆಯಲಿಲ್ಲ.

"ಅಕ್ಕ ಹೋದ್ಲಪಾ."

ಆಮೇಲೆ ತಂತಿಯಲ್ಲಿ ಗೊರಗೊರ ಸದ್ದು ಬಿಟ್ಟು ಏನೂ ಇರಲಿಲ್ಲ. ಲೈನು ಕಡಿದೇಹೋಯಿತು ಅಂದುಕೊಂಡೆ. ಆಗ ಅಪ್ಪ ಸಣ್ಣ ದನಿಯಲ್ಲಿ ಕೇಳಿದರು: "ನಿಮ್ಮಮ್ಮ ಎಲ್ಲಿ ಅದಾಳ ಕೇಳು."

ಕೇಳಿದೆ. "ಕೂಸನ್ನ ಎತ್ಗೊಂಡು ಕುಂತಾರ," ಎಂದರು ಭಾವ. ಅಪ್ಪನಿಗೆ ಅದನ್ನೇ ಹೇಳಿದೆ.

"ನಾ ಬರೂತನಕ ಏನೂ ಮಾಡಬ್ಯಾಡ ಅಂತ ಆತಗ ಹೇಳು. ಆಕೀ ಮುಖ ನೋಡಬೇಕು."

ಅದನ್ನೂ ಹೇಳಿದೆ. ನಾನು ಅತ್ತರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ, ಅದಕ್ಕೆ ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಹೇಳಿದೆ. ಮಾತು ಮುಗಿದ ಮೇಲೆ ಪಕ್ಕದ ಬೋರ್ಡಿನ ಹಿರಿಯಾಕೆ ನನ್ನ ತಲೆಯಿಂದ ಹೆಡ್‌ಫೋನು ತೆಗೆದು, "ಏಳಮ್ಮಾ, ನಾ ನೋಡ್ಕೋತೀನಿ," ಎಂದರು. ಅವರ ಸೆರಗಿನಲ್ಲಿ ಮುಖವಿಟ್ಟು ಅತ್ತೆ.

ಅಪ್ಪ ಆದೋನಿಗೆ ಬಂದ ಮೇಲೆ ನಾವಿಬ್ಬರೂ ಕರ್ನೂಲಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡಿದ್ದರು.

ಕೂಸನ್ನು ಅಮ್ಮ ಚಿಪ್ಪಗಿರಿಗೆ ತಂದು ಸಾಕಿದಳು. ಕೆಲವು ವರ್ಷಗಳಲ್ಲಿ ಆದೋನಿಯಲ್ಲಿ ಎತ್ತರದ ಟವರ್ ಎದ್ದಿತು, ಮಾತು ತಂತಿ ಬಿಟ್ಟು ಗಾಳಿಯಲ್ಲಿ ಹೋಗತೊಡಗಿತು. ದೂರದ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. ಆದರೆ ಅಪ್ಪ ಮತ್ತೆಂದೂ ಫೋನು ಮುಟ್ಟಲಿಲ್ಲ. ನನಗೆ ಹೇಳುವುದೇನಾದರೂ ಇದ್ದರೆ ಬಸ್ಸು ಹತ್ತಿ ಬಂದೇ ಹೇಳುತ್ತಿದ್ದರು. ಹುಡುಗಿಯನ್ನು ಶಾಲೆಗೆ ಸೇರಿಸಿದ ದಿನವೂ ಬಂದರು. ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, "ಇವತ್ತ ಸಾಲಿಗೆ ಬಿಟ್ಟು ಬಂದೆ. ಅಳಲಿಲ್ಲವ್ವ ಅದು," ಎಂದರು. ನೀರು ಕುಡಿದು, ಮುಂದಿನ ಬಸ್ಸಿಗೆ ಹೊರಟುಹೋದರು.