ಅಕ್ಕನ ಕೌದಿ ಕೋಟಾದದ್ದು

ಅಕ್ಕ, ನಿನ್ನ ಕೌದಿ ಕಳೆದುಹೋಗಲಿಲ್ಲ. ನಾನೇ ಅದನ್ನು ಕತ್ತರಿಸಲು ಕೊಟ್ಟೆ.

ನೀನು ಇಲ್ಲೇ ಹತ್ತಿರದ ನೆವಾರ್ಕಿಗೆ ಮನೆ ಬದಲಿಸುವಾಗ, ಅದನ್ನು ಸಾಮಾನಿನ ಟ್ರಕ್ಕಿಗೆ ಹಾಕಲು ಮನಸ್ಸು ಬಾರದೆ, ಮೌಂಟನ್ ವ್ಯೂನ ನನ್ನ ಅಪಾರ್ಟ್‌ಮೆಂಟಿನಲ್ಲಿ ಇಟ್ಟುಹೋಗಿದ್ದೆ. ನಿನ್ನ ಬಾಣಂತನಕ್ಕೆಂದು ಅವ್ವ ತನ್ನ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು. ನನಗೂ ಒಂದು ಹೊಲಿಯುತ್ತೇನೆ ಎಂದಿದ್ದಳು—ಅಷ್ಟರಲ್ಲಿ ಹೋಗಿಬಿಟ್ಟಳು. ನನಗೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಹೆಸರಿಲ್ಲ.

ಆಗ ನಾನು ಕೆಲಸಕ್ಕಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಅಂಗಡಿ ಜಪಾನಿನ ಕಂಪನಿಯೊಂದರದು. ಪರದೆ, ಮೇಜಿನ ಹಾಸು, ಹೊದಿಕೆ—ಮನೆಬಳಕೆಯ ಯಾವ ಬಟ್ಟೆಯಾದರೂ ಸರಿ, ಅದರಿಂದ ಮೈಗೊಪ್ಪುವ ಕೋಟು ಹೊಲಿಯುತ್ತಾರೆ. ಹೊಸ ಪ್ರಯೋಗಕ್ಕೆಂದು ಕೆಲಸದವರೆಲ್ಲ ಮನೆಯಿಂದ ಒಂದೊಂದು ಬಟ್ಟೆ ತರಬೇಕೆಂದರು. ನನ್ನ ಮನೆಯಲ್ಲಿದ್ದುದೆಲ್ಲ ಅಂಗಡಿಯಿಂದ ಕೊಂಡದ್ದೇ. ಎಲ್ಲರೂ ನನ್ನನ್ನು ಮೆಚ್ಚಬೇಕೆಂಬ ಆಸೆ ಬೇರೆ—ಕೌದಿ ಒಯ್ದೆ.

ಅಂಚು ಬಿಚ್ಚಿದಾಗ ಒಣರೊಟ್ಟಿಯ ಚೂರುಗಳು ಉದುರಿದವು. ಕೌದಿ ಹಸಿದಿರಬಾರದೆಂದು ಕೊನೆಯ ಹೊಲಿಗೆಗೆ ಮೊದಲು ಅವ್ವ ಒಳಗಿಟ್ಟದ್ದು. ಕತ್ತರಿ ಹಿಡಿದಿದ್ದ ಜಪಾನಿ ಹೆಂಗಸು ಕೈ ತಡೆದಳು. ಇದೇನು, ಮುಂದುವರಿಯಲೇ ಎಂದು ಕೇಳಿದಳು.

“ಏನಿಲ್ಲ, ಹಳೇ ಹೊದಿಕೆ. ಕತ್ತರಿಸಿ.”

ಹಾಗಂದವಳು ನಾನೇ. ಕೋಟನ್ನು ಎಲ್ಲರೂ ಕೊಂಡಾಡಿದರು, ಬೇಗನೆ ಯಾರೋ ಕೊಂಡೂ ಹೋದರು. ಯಾರೆಂದು ತಿಳಿಯದು—ಬೀದಿಯಲ್ಲಿ, ಟ್ರೇನಿನಲ್ಲಿ ಈಗಲೂ ಕಂಡವರ ಬೆನ್ನೆಲ್ಲ ಹುಚ್ಚಿಯ ಹಾಗೆ ನೋಡುತ್ತೇನೆ.

ಅಪಾರ್ಟ್‌ಮೆಂಟಿನ ಲಾಂಡ್ರಿಯಲ್ಲಿ ಕಳೆಯಿತು ಎಂದು ನಿನಗೆ ಸುಳ್ಳು ಹೇಳಿ ಅತ್ತೆ. ನೀನು ನನ್ನ ಕಣ್ಣೊರೆಸಿದೆ. “ಅಳಬ್ಯಾಡ. ನೀ ಏನ್ ಬೇಕಂತ ಕಳದಿಯೇನ?” ಅಂದೆ. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ.

ಈಗ ನಾನು ಬಸುರಿ. ಬೆಳಿಗ್ಗೆ ನಿನ್ನ ಫೋನು: “ಅವ್ವಂದೊಂದು ಸೀರಿ ಉಳದೈತಿ. ಅದನ್ನ ಕತ್ತರಿಸಿ ನಿನ್ನ ಕೂಸಿಗೆ ನಾನ ಕೌದಿ ಹೊಲಿತೀನಿ. ಆಕಿಗೆ ಆಗಲಿಲ್ಲಲ್ಲ.” ನಾನು “ನಾ ಬರೂತನಕ ತಡಿ” ಅಂದೆ, ಅಷ್ಟೇ.

ಎದುರು ನಿಂತಾಗ ಮತ್ತೆ ಸುಳ್ಳಾಡಿಬಿಟ್ಟೇನೆಂಬ ಭಯಕ್ಕೆ ಇದನ್ನು ಬರೆದಿದ್ದೇನೆ. ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ. ಬೈಯಿ, ಹೊಡಿ, ಹೊರಗೆ ಹಾಕು. ಒಂದು ವೇಳೆ ಇಷ್ಟಾದ ಮೇಲೂ ನಿನಗೆ ನನ್ನ ಮೇಲೆ ಪ್ರೀತಿ ಉಳಿದಿದ್ದರೆ—ಆಗಲೂ, ಅಕ್ಕ, ಆ ಸೀರೆ ಕತ್ತರಿಸಬೇಡ.