ಹೆರಿಗೆಗೆ ಮೊದಲೇ ಹಂಚಿದ ಲಾಡು

ಇಂಥ ಸಂಗತಿಗಳನ್ನು ನಾನು ನಂಬುವವಳಲ್ಲ. ನಂಬದಿರುವುದೇ ಬಹುಕಾಲ ನನ್ನ ಕೆಲಸವಾಗಿತ್ತು. ಕಣ್ಣೀರು ಸುರಿಸುವ ಪ್ರತಿಮೆ, ಸತ್ತ ಮೇಲೆ ಮನೆಗೆ ಬಂದು ಬಾಗಿಲು ತಟ್ಟಿದ ಅಜ್ಜ, ಕನಸಿನಲ್ಲಿ ಕಂಡ ಲಾಟರಿ ನಂಬರು, ಇಂಥವು ಪತ್ರಿಕೆಯ ಡೆಸ್ಕಿಗೆ ಆಗಾಗ ಬರುತ್ತಲೇ ಇರುತ್ತವೆ. ಕಳಿಸಿದ ವರದಿಗಾರನಿಗೆ ಫೋನು ಮಾಡಿ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ನೋಡಿದವರು ಯಾರು? ಎಷ್ಟು ದೂರದಿಂದ ನೋಡಿದರು? ಆಗ ಬೆಳಕು ಹೇಗಿತ್ತು? ಎರಡನೆಯ ಪ್ರಶ್ನೆ ದಾಟಿದ ಸುದ್ದಿ ಒಂದೂ ನೆನಪಿಲ್ಲ. ಈಗ ನಾನು ಹೇಳಹೊರಟಿರುವುದು ಮೂರನ್ನೂ ದಾಟಿತು. ಆದರೂ ಇಷ್ಟು ವರ್ಷ ಬರೆಯಲಿಲ್ಲ. ತನ್ನ ಸುದ್ದಿಯನ್ನು ತಾನೇ ಬರೆಯಬಾರದೆಂಬುದು ನಮ್ಮ ಕಸುಬಿನ ಶಿಸ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಇಂಗ್ಲಿಷ್ ದಿನಪತ್ರಿಕೆಯ ತಿರುವನಂತಪುರ ಬ್ಯೂರೋದಲ್ಲಿ ವರದಿಗಾರ್ತಿಯಾಗಿದ್ದ ನಾನು ಮದುವೆಯಾದ ಮೇಲೆ ಇನ್ನೂರು ಕಿಲೋಮೀಟರು ಆಚೆಯ ಕೊಚ್ಚಿಯ ಡೆಸ್ಕಿಗೆ ವರ್ಗ ಮಾಡಿಸಿಕೊಂಡಿದ್ದೆ. ಗಂಡ ಸತೀಶ ಮೈಸೂರು ಕಡೆಯವನು, ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಕೊಚ್ಚಿಯ ಅಂಚಿನ ತ್ರಿಪ್ಪುಣಿತ್ತುರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಚೊಚ್ಚಲ ಹೆರಿಗೆಗೆ ನಾನು ತವರಿಗೆ, ಅಂದರೆ ಧಾರವಾಡಕ್ಕೆ ಹೋಗಬೇಕಿತ್ತು. ಕೊನೆಯವರೆಗೂ ಕೆಲಸ ಮಾಡುತ್ತೇನೆಂದು ಹಟ ಹಿಡಿದದ್ದರಿಂದ ತವರೇ ಇಲ್ಲಿಗೆ ಬಂತು. ಅವ್ವ ಒಂದು ಗಂಟು ಹಳೆಯ ಸೀರೆಗಳನ್ನು ಹೊತ್ತುಕೊಂಡು ರೈಲಿನಿಂದ ಇಳಿದಳು. ತುಂಡುಗಳನ್ನು ಕೂಡಿಸಿ ಕೂಸಿಗೆ ಹೊದೆಯುವ ಕೌದಿ ಹೊಲಿಯಲು ತಂದ ಸೀರೆಗಳವು. ಆದರೆ ಗಂಟನ್ನು ಬಿಚ್ಚಲಿಲ್ಲ. ನಮ್ಮ ಮನೆತನದಲ್ಲಿ ಕೂಸು ಹುಟ್ಟುವ ಮೊದಲು ಅದಕ್ಕೆಂದು ಸೂಜಿಗೆ ದಾರ ಪೋಣಿಸುವುದಿಲ್ಲ. ಅಂಗಿ, ಕುಲಾಯಿ, ಕೌದಿ ಎಲ್ಲ ಆಮೇಲೆಯೇ.

ಡಾಕ್ಟರು ಕೊಟ್ಟಿದ್ದ ದಿನ ಬಂತು, ಹೋಯಿತು. ಅದರ ಮೇಲೆ ವಾರವೂ ಕಳೆಯಿತು. ಕೆಳಗಿನ ಮನೆಯ ಶಾರದಚೇಚಿ, ಅಂದರೆ ಶಾರದಕ್ಕ, ಬೆಳಿಗ್ಗೆ ಅಂಗಳ ಗುಡಿಸುತ್ತಲೇ ತಲೆಯೆತ್ತಿ “ಆಯಿಲ್ಲೇ ಮೋಳೇ?” ಎನ್ನುತ್ತಿದ್ದರು. ಇನ್ನೂ ಆಗಲಿಲ್ಲವೇ ಮಗಳೇ ಎಂದು. ಆಗಿದ್ದರೆ ನಾನು ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತಿರುತ್ತಿದ್ದೆನೇ? ಮುಂದಿನ ಸಲ ಬಂದಾಗ ತೀರ್ಮಾನಿಸೋಣ, ಔಷಧಿ ಇಟ್ಟು ನೋವು ಬರಿಸುವುದೋ ಕಾಯುವುದೋ ನೀವೂ ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮನೆಯಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ಕಾಯಬೇಕೆಂದು ನನ್ನ ಮನಸ್ಸು. ಉಳಿದಿಬ್ಬರೂ ಬೇರೆ ಬೇರೆ ಕಾರಣಕ್ಕೆ ಒಂದೇ ಪಕ್ಷ ಸೇರಿದ್ದರು.

“ಹಗಲು ಹೊತ್ತು, ಡಾಕ್ಟರ್ ಇರ್ತಾರೆ, ಬೆಡ್ ಇರತ್ತೆ. ಇನ್ನೇನು ಬೇಕು ನಿಂಗೆ?” ಎನ್ನುತ್ತಿದ್ದ ಸತೀಶ. “ನೋವು ಬಂದ ದಿನವೇ ಹರತಾಳ ಇದ್ರೆ? ಇವರ ಊರಲ್ಲಿ ಯಾವತ್ತು ಹರತಾಳ ಅಂತ ಯಾರಿಗೆ ಗೊತ್ತು? ಆಟೋ ಎಲ್ಲಿಂದ ತರ್ಲಿ ನಾನು?”

ಅವ್ವನದು ಪಂಚಾಂಗದ ಲೆಕ್ಕ. “ನಾಳೆ ಅನುರಾಧಾ ಐತಿ, ಭಾಳ ಛಲೋ. ಅದು ದಾಟಿದ್ರ ಜ್ಯೇಷ್ಠಾ, ಅದರ ಮ್ಯಾಲ ಮೂಲಾ. ಹೆಣ್ಣು ಮೂಲಾದಾಗ ಹುಟ್ಟಿದ್ರ ಮಾವಗ ಆಗಿಬರೂದಿಲ್ಲವಾ.”

“ಯಾರ ಮಾವಗ?”

“ಅಕಿ ಮಾವಗ.”

“ಅಕಿನೇ ಇನ್ನೂ ಹುಟ್ಟಿಲ್ಲ. ಅಕಿ ಮಾವನ ಚಿಂತಿ ನಿನಗ್ಯಾಕ?”

“ಎಲ್ಲ್ಯೋ ಒಂದ್ ಕಡೆ ಇದ್ದ ಇರ್ತಾನಲ್ಲ, ಪಾಪ.”

ನಕ್ಕೆ, ಆದರೆ ನಗುವುದರಿಂದ ವಾದ ಗೆಲ್ಲಲಾಗುವುದಿಲ್ಲ. ಕಾಲು ಊದಿತ್ತು, ನಿದ್ದೆಯಿರಲಿಲ್ಲ. ಸತೀಶನ ಮುಖ ನೋಡಿದರೆ ಅವನಿಗೇ ದಿನ ತುಂಬಿದಂತಿತ್ತು. ಡಾಕ್ಟರನ್ನು ಕಾಣಬೇಕಾದ ದಿನ ಬೆಳಿಗ್ಗೆ ಸೋತೆ. “ಆಗಲಿ, ಔಷಧಿ ಇಡಿಸಿಕೊಳ್ಳುತ್ತೇನೆ” ಎಂದು ಇಬ್ಬರಿಗೂ ಮಾತು ಕೊಟ್ಟು, ಬಟ್ಟೆಬರೆಯ ಚೀಲ ತುಂಬಿಕೊಂಡು ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ಜನ ಜಾತ್ರೆ. ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತೆವು. ಅಲ್ಲೇ ಅವ್ವ ಕಟ್ಟಿ ತಂದ ಮೊಸರನ್ನ ತಿಂದೆ. ಊಟದ ಹೊತ್ತು ಕಳೆದು ಬಹಳ ತಡವಾಗಿ ಒಳಗೆ ಕರೆದರು. ಮಲಗಿಸಿ, ಹೊಟ್ಟೆಗೆ ಪಟ್ಟಿ ಬಿಗಿದು, ಮಗುವಿನ ಎದೆಬಡಿತ ಕೇಳುವ ಯಂತ್ರ ಹಚ್ಚಿದರು. ಡಾಕ್ಟರು ಸೂಸನ್ ಎಂಬ ನಡುವಯಸ್ಸಿನ ಹೆಂಗಸು. ಅವಸರದ ಮಾತು ಅವರ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

“ಮಗು ಆರಾಮಾಗಿದೆ, ನೀರೂ ಸಾಕಷ್ಟಿದೆ,” ಎಂದರು. “ಆದರೆ ಗರ್ಭಕೋಶದ ಬಾಯಿ ಇನ್ನೂ ಮೆತ್ತಗಾಗಿಲ್ಲ. ಇವತ್ತು ಔಷಧಿ ಇಟ್ಟರೆ ನೋವು ಬರಬಹುದು. ಬಾರದಿದ್ದರೆ ಆಪರೇಷನ್ ಮಾತು ಬಂದೀತು. ಕಾಯುವುದಾದರೆ ದಿನಾ ಬಂದು ತೋರಿಸಬೇಕು, ಮಗುವಿನ ಓಡಾಟ ಕಡಿಮೆ ಅನಿಸಿದರೆ ಆ ಗಳಿಗೆಯಲ್ಲೇ ಹೊರಟು ಬರಬೇಕು. ಇನ್ನೊಂದು ವಾರದ ಮೇಲೆ ನಾನು ಕಾಯುವವಳಲ್ಲ. ಇವತ್ತಿನ ಮಟ್ಟಿಗೆ ಎರಡೂ ಸರಿ. ಮೋಳೇ, ನಿನಗೇನು ಬೇಕು?”

ನಿನಗೇನು ಬೇಕು ಎಂದು ಆ ವಾರವಿಡೀ ನನ್ನನ್ನು ಯಾರೂ ಕೇಳಿರಲಿಲ್ಲ. ಯಂತ್ರದಿಂದ ಎದೆಬಡಿತ ಓಡುವ ಕುದುರೆಯ ಹಾಗೆ, ಆದರೆ ಒಂದೇ ಲಯದಲ್ಲಿ ಕೇಳುತ್ತಿತ್ತು. ಮನೆಯಿಂದ ಹೊರಟ ಮೇಲೆ ಹೊಸ ಸಂಗತಿ ಏನಾದರೂ ಗೊತ್ತಾಗಿದೆಯೇ ಎಂದು ಡೆಸ್ಕಿನಲ್ಲಿ ಕೂತವಳಂತೆ ನನ್ನನ್ನೇ ಕೇಳಿಕೊಂಡೆ. ಗೊತ್ತಾಗಿದ್ದು ಒಂದೇ, ಮಗು ಚೆನ್ನಾಗಿದೆ ಎಂಬುದು. ಅವಸರಕ್ಕೆ ಕಾರಣ ಉಳಿದದ್ದು ಉಳಿದವರ ಹೆದರಿಕೆ ಮಾತ್ರ. ಹೆದರಿಕೆಯ ಆಧಾರದ ಮೇಲೆ ನಾನು ಒಂದು ಸಾಲನ್ನೂ ಅಚ್ಚಿಗೆ ಕಳಿಸಿದವಳಲ್ಲ.

“ಕಾಯುತ್ತೇನೆ ಡಾಕ್ಟರ್,” ಎಂದೆ.

ಸತೀಶ ಸಿಟ್ಟಿನಿಂದ ಎದ್ದು ಹೊರಗೆ ಹೋದ. ಅವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು, “ಮಾತು ಕೊಟ್ಟು ಬಂದೀದಿ,” ಎಂದಳು, ಅಷ್ಟೆ. ಪಟ್ಟಿ ಬಿಚ್ಚಿ ನಾನು ಎದ್ದು ಕೂತಿದ್ದೆ. ಆಗ ಚೀಲದೊಳಗಿನ ಮೊಬೈಲು ಹೊಡೆದುಕೊಂಡಿತು.

ಮಾಡಿದವರು ತಿರುವನಂತಪುರ ಬ್ಯೂರೋದ ಮುಖ್ಯಸ್ಥರು, ರಾಜಶೇಖರನ್ ಸಾರ್.

“ಅಭಿನಂದನೆ ಆಮೇಲೆ. ಮೊದಲು ಕನ್ಫರ್ಮ್ ಮಾಡು. ಹೆಣ್ಣು ತಾನೆ?”

“ಏನು ಸಾರ್?”

“ಮಗು! ಸೋಮಣ್ಣನ್ ಹೆಣ್ಣು ಅಂತಾನೆ. ಒಬ್ಬನ ಮಾತು ನಂಬಿ ಲಾಡು ಹಂಚಬಾರದಿತ್ತು, ಒಪ್ಪಿದೆ. ಆದರೆ ಈಗ ಡಬ್ಬ ಖಾಲಿ. ಕೊನೇಪಕ್ಷ ತಿಂದ ಮೇಲಾದರೂ ಕೇಳೋಣ ಅಂತ.”

“ಸಾರ್, ನನಗಿನ್ನೂ ಹೆರಿಗೆಯೇ ಆಗಿಲ್ಲ. ಹೊಟ್ಟೆ ಹೊತ್ತುಕೊಂಡು ಕೊಚ್ಚಿಯ ಆಸ್ಪತ್ರೆಯಲ್ಲಿ ಕೂತಿದ್ದೇನೆ.”

ಅವರು ಅದನ್ನು ಕಚೇರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಆಮೇಲೆ ಇಡೀ ಕಚೇರಿ ನಗುವುದು ಕೇಳಿಸಿತು. “ಎಲ್ಲರೂ ಲಾಡು ವಾಪಸ್ ಇಡ್ರಪ್ಪಾ!” ಎಂದು ಯಾರೋ ಕೂಗಿದರು. ಸೋಮಣ್ಣನ್ ಫೋನು ತೆಗೆದುಕೊಂಡರು.

ಸೋಮನ್ ನಮ್ಮ ಬ್ಯೂರೋದ ಹಿರಿಯ ಫೋಟೋಗ್ರಾಫರ್. ತಿರುವನಂತಪುರದವರು ಹಿರಿಯರನ್ನು ಅಣ್ಣನ್ ಎಂದೇ ಕರೆಯುವುದರಿಂದ ನನಗೆ ಅವರು ಮೊದಲಿನಿಂದಲೂ ಮನೆಯವರಂತೆ. ಎಷ್ಟೋ ಚಳವಳಿ, ಲಾಠಿ ಚಾರ್ಜುಗಳಲ್ಲಿ ಜೊತೆಗೆ ಓಡಿದ್ದೇವೆ. ಕುಡಿಯುವವರಲ್ಲ. ಅವರು ಆಗ ನಗುತ್ತಿರಲಿಲ್ಲ.

“ಮೋಳೇ, ತಮಾಷೆ ಸಾಕು. ಮಧ್ಯಾಹ್ನ ಊಟಕ್ಕೆ ಹೊರಟಾಗ ಕಚೇರಿ ಎದುರಿನ ಬಸ್‌ಸ್ಟಾಪಿನಲ್ಲಿ ನಾವು ಮಾತಾಡಲಿಲ್ಲವೇ?”

ಅಭ್ಯಾಸಬಲದಿಂದ ನನ್ನ ಪ್ರಶ್ನೆಗಳು ತಾವಾಗಿ ಹೊರಬಂದವು. ಎಷ್ಟು ದೂರದಲ್ಲಿದ್ದಿರಿ ಅಣ್ಣಾ ಎಂದೆ. ಕೈ ಚಾಚಿದರೆ ಸಿಗುವಷ್ಟು, ಎಂದರು. ಬೆಳಕು? “ಸುಡುಬಿಸಿಲು. ಮಗುವಿನ ಮುಖಕ್ಕೆ ಬೀಳುತ್ತೆ ಅಂತ ನಾನೇ ಅಡ್ಡ ನಿಂತೆನಲ್ಲ. ನೀನು ಬಟ್ಟೆ ಸರಿಸಿ ತೋರಿಸಿದೆ. ಹೆಣ್ಣು ಅಂದೆ. ಯಾವಾಗ ಆಯ್ತು, ಹೇಳಲೇ ಇಲ್ಲವಲ್ಲ ಅಂತ ನಾನು ಕೇಳಿದೆ. ‘ಎಲ್ಲರೂ ಅವಸರ ಮಾಡಿದರು ಅಣ್ಣಾ, ನಾನು ಕಾಯ್ದೆ’ ಅಂದೆ. ತಲೆ ಎತ್ತಿಕೊಂಡು ಹೇಳಿದೆ, ಮುಖಪುಟದಲ್ಲಿ ನಿನ್ನ ಹೆಸರು ಬಂದ ದಿನ ಹೇಗಿರ್ತಿದ್ದೆಯೋ ಹಾಗೆ. ಅಷ್ಟರಲ್ಲಿ ಬಸ್ಸು ಬಂತು. ನೀನು ಹತ್ತಿದೆ ಅಂದುಕೊಂಡೆ.”

“ಮಗುವನ್ನು ಯಾವ ಬಟ್ಟೆಯಲ್ಲಿ ಸುತ್ತಿದ್ದಳು?”

“ನಮ್ಮ ಕಡೆ ಅಂಥದು ನೋಡಿಲ್ಲ. ಬಣ್ಣಬಣ್ಣದ ತುಂಡು ಕೂಡಿಸಿ ಹೊಲಿದ ದಪ್ಪ ಬಟ್ಟೆ. ಒಂದು ಮೂಲೆಗೆ ನೀಲಿ ತುಂಡು, ಮೇಲೆ ಬಿಳಿ ಚುಕ್ಕಿ. ಅದೊಂದನ್ನು ಸೊಟ್ಟಗೆ ಹೊಲಿದಿದ್ದರು.”

ಅವ್ವನಿಗೂ ಸತೀಶನಿಗೂ ನಾನು ಹೇಳಿದ್ದು ಇಷ್ಟೇ: ಸೋಮಣ್ಣನ್ ಯಾರನ್ನೋ ನೋಡಿ ನಾನೆಂದುಕೊಂಡಿದ್ದಾರೆ. ಬಟ್ಟೆಯ ಮಾತು ಎತ್ತಲಿಲ್ಲ. ಸತೀಶನ ಸಿಟ್ಟು ಲಾಡಿನ ಕತೆ ಕೇಳಿ ಇಳಿಯಿತು. ಅವ್ವ ಮನೆಗೆ ಬಂದವಳೇ ಉಪ್ಪು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದಳು. “ಅಂವಾ ಯಾರನ್ನರ ನೋಡಿರ್ಲಿ, ದೃಷ್ಟಿ ಮಾತ್ರ ನಿನಗ ಬಿದ್ದೈತಿ.”

ಅನುರಾಧಾ ಕಳೆಯಿತು. ದಿನವೂ ಹೋಗಿ ಎದೆಬಡಿತ ಕೇಳಿಸಿಕೊಂಡು ಬಂದೆ. ಜ್ಯೇಷ್ಠಾ ಕಳೆಯಿತು. ಮಾರನೆಯ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತಾಗ ಸೊಂಟದಿಂದ ಮೊದಲ ನೋವು ಎದ್ದಿತು. ಶಾರದಚೇಚಿ ಕೇಳುವ ಮೊದಲೇ ಕೆಳಗೆ ಕೂಗಿ ಹೇಳಿದೆ. ಹರತಾಳವಿರಲಿಲ್ಲ, ಆಟೋ ಸಿಕ್ಕಿತು. ಅದೇ ದಿನ ಇಳಿಹೊತ್ತಿಗೆ, ಮೂಲಾ ನಕ್ಷತ್ರದಲ್ಲಿ, ಯಾರ ಅವಸರಕ್ಕೂ ಸಿಕ್ಕದೆ ಮಗಳು ತಾನಾಗಿ ಬಂದಳು. ಡಾಕ್ಟರ್ ಸೂಸನ್ ಅವಳನ್ನು ನನ್ನ ಎದೆಯ ಮೇಲಿಟ್ಟು, “ನೀನು ಹೇಳಿದ ಹಾಗೇ ಆಯ್ತು ನೋಡು,” ಎಂದರು. ಬಹುಮಾನಗಳು ನನಗೂ ಒಂದೆರಡು ಬಂದಿವೆ. ಆ ಮಾತಿನ ಮುಂದೆ ಅವು ಏನೂ ಅಲ್ಲ. ಅವ್ವ ಮೊಮ್ಮಗಳನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿ, “ಇರ್ಲಿ ಬಿಡು, ಗಟ್ಟಿ ಮಾವನ್ನ ಹುಡುಕೂಣು,” ಎಂದಳು.

ಮನೆಗೆ ಬಂದ ಮೇಲೆ ಅವ್ವ ಗಂಟು ಬಿಚ್ಚಿ ಕೌದಿ ಹಿಡಿದಳು. ನಾನು ಹಾಸಿಗೆಯಲ್ಲಿ ಮಲಗಿಯೇ ನೋಡುತ್ತಿದ್ದೆ. ಅವಳ ಸೀರೆಗಳಲ್ಲಿ ನೀಲಿಯೇ ಇರಲಿಲ್ಲ. ನನಗೆ ಸಮಾಧಾನವಾಯಿತು. ಕೊನೆಗೆ ಒಂದು ಮೂಲೆಗೆ ಬಟ್ಟೆ ಸಾಲದೆ ಬಂತು. ಕೆಳಗಿನಿಂದ ಶಾರದಚೇಚಿ ತಮ್ಮ ಮಗಳ ಹಳೆಯ ಫ್ರಾಕೊಂದನ್ನು ತಂದುಕೊಟ್ಟರು. ನೀಲಿ ಬಣ್ಣ, ಬಿಳಿ ಚುಕ್ಕಿ. ಅವ್ವ ಅದನ್ನು ಕತ್ತರಿಸಿ ಹಚ್ಚಿದಳು. ಅಷ್ಟರಲ್ಲಿ ಕೂಸು ಅತ್ತಿತು, ಅವ್ವನ ಕೈ ಸರಿಯಿತು, ತುಂಡು ಸೊಟ್ಟಗೆ ಕೂತಿತು.

“ಬಿಚ್ಚಿ ಹೊಲಿ ಬೇಕಾದ್ರ,” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

“ಹೊದ್ದುಕೊಳ್ಳೂಕಿಗೆ ಏನ್ ತಿಳೀತದ? ಇರ್ಲಿ ಬಿಡು.”

ಕೆಲವು ವಾರಗಳ ಮೇಲೆ ಸೋಮಣ್ಣನ್ ಮಗುವನ್ನು ನೋಡಲು ಬಂದರು. ಆ ಹೊತ್ತಿಗೆ ಬ್ಯೂರೋದಲ್ಲಿ ಅವರಿಗೆ ಲಾಡು ಸೋಮನ್ ಎಂದು ಹೆಸರು ಬಿದ್ದಿತ್ತು. ಕೌದಿ ಕಂಡು ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ತಾವು ಒಮ್ಮೆ ನೋಡಿದ್ದನ್ನು ಮತ್ತೆ ನೋಡಿದವರಂತೆ ಆ ಮೂಲೆಯನ್ನು ಎತ್ತಿ ತೋರಿಸಿ, “ಮುಖ ಗುರುತು ಹಿಡಿಯುವುದೇ ನನ್ನ ಕಸುಬು ಮೋಳೇ. ನಗುವವರು ನಗಲಿ,” ಎಂದರು.

ಬೇರೆಯವರ ಸುದ್ದಿಯನ್ನು ಹೇಗೆ ಪರೀಕ್ಷಿಸುತ್ತಿದ್ದೆನೋ ಇದನ್ನೂ ಹಾಗೆಯೇ ಪರೀಕ್ಷಿಸಿದೆ. ನನ್ನಂತೆ ಇರುವ ಇನ್ನೊಬ್ಬಳು ಇರಬಹುದು. ಕೌದಿಯ ವಿಷಯ ಎಂದೋ ಚಹಾ ಕುಡಿಯುವಾಗ ನಾನೇ ಅವರಿಗೆ ಹೇಳಿ ಮರೆತಿರಬಹುದು. ಚುಕ್ಕಿಯ ಬಟ್ಟೆ ಯಾವ ಮನೆಯಲ್ಲಿಲ್ಲ? ಒಂದೊಂದಾಗಿ ನೋಡಿದರೆ ಎಲ್ಲಕ್ಕೂ ಸಮಜಾಯಿಷಿ ಇದೆ. ನಾನೇ ಮುಂದೆಂದೋ ಆ ಬಸ್‌ಸ್ಟಾಪಿನಲ್ಲಿ ಕೂಸನ್ನು ಎತ್ತಿಕೊಂಡು ಹಾಗೆ ನಿಂತೆನೇ ಎಂದರೆ ಅದೂ ಇಲ್ಲ. ಮಗಳನ್ನು ತಿರುವನಂತಪುರಕ್ಕೆ ಕರೆದೊಯ್ದದ್ದು ಅವಳು ನಡೆಯಲು ಕಲಿತ ಮೇಲೆ. ಈಗಂತೂ ಅವಳು ಅಜ್ಜಿ ಧಾರವಾಡದ ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಎದುರುತ್ತರ ಕೊಡುವಷ್ಟು ದೊಡ್ಡವಳು.

ಸತೀಶ ಈಗಲೂ ಹೇಳುವುದುಂಟು, ಆ ಫೋನು ಬಂದದ್ದರಿಂದಲೇ ನಿನಗೆ ಕಾಯುವ ಧೈರ್ಯ ಬಂತು ಎಂದು. ಅವನ ನೆನಪು ತಪ್ಪು. ಅವನು ಸಿಟ್ಟಿನಿಂದ ಹೊರಗೆ ಹೋದ ಮೇಲೆ ಫೋನು ಬಂತು. ಅವನು ಹೊರಗೆ ಹೋದದ್ದೇ ನನ್ನ ಮಾತು ಕೇಳಿ. ನಾನು ಬಿಡಿಸಲಾರದ ತೊಡಕು ಬೇರೆಯೇ ಇದೆ. ಸೋಮಣ್ಣನ್ ಬಸ್‌ಸ್ಟಾಪಿನಲ್ಲಿ ಆ ಹೆಂಗಸನ್ನು ಕಂಡದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಆ ಹೊತ್ತಿಗೆ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದೆ. ಔಷಧಿ ಇಡಿಸಿಕೊಳ್ಳುವುದೆಂದೇ ತೀರ್ಮಾನಿಸಿದ್ದೆ. ಕಾಯುವ ಯೋಚನೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ನಾನು ಇನ್ನೂ ಮಾಡಿರದ ನಿರ್ಧಾರವನ್ನು ಅವಳು ಆ ಬಿಸಿಲಲ್ಲಿ ನಿಂತು, ಮುಗಿದು ಹೋದ ಮಾತಿನಂತೆ, ತಲೆ ಎತ್ತಿಕೊಂಡು ಹೇಳಿದ್ದಳು.

ಅವಳು ಯಾರೆಂದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಯೋಚಿಸಿಯೂ ಗೊತ್ತಾಗಿಲ್ಲ. ಆದರೆ ಡಾಕ್ಟರು ಕೇಳಿದಾಗ ಉತ್ತರ ಕೊಟ್ಟವಳು ನಾನು. ಆ ಹೆಮ್ಮೆಯನ್ನು ಯಾರೊಂದಿಗೂ ಹಂಚಿಕೊಂಡಿಲ್ಲ, ಅವಳೊಂದಿಗೂ.